ಹೊಸ್ತಿಲ ಹೊರಗೆ ನಿಂತ ದಯೆ

1832ರ ಜೂನ್ 6ರಂದು ಮುಂಬಯಿಯ ಕೋಟೆಯೊಳಗೆ, ಇಂದು ಫೋರ್ಟ್ ಎಂದು ಕರೆಯಲ್ಪಡುವ ಪ್ರದೇಶದಲ್ಲಿ, ನಾಯಿಗಳ ಸಲುವಾಗಿ ಒಂದು ದೊಡ್ಡ ಗಲಭೆ ನಡೆಯಿತು. ಬೀದಿನಾಯಿಗಳನ್ನು ಕೊಲ್ಲುವುದಕ್ಕೆ ಕಂಪನಿ ಸರಕಾರವು ವರ್ಷದ ಕೆಲವು ವಾರಗಳನ್ನು ಮೊದಲೇ ಗೊತ್ತುಪಡಿಸಿತ್ತು. ಆ ವರ್ಷ ಬೇಸಗೆಯ ಅವಧಿಯನ್ನು ಜೂನ್ ತಿಂಗಳ ನಡುವಿನವರೆಗೆ ವಿಸ್ತರಿಸಲಾಯಿತು. ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಬಿದ್ದ ಕಾನ್‌ಸ್ಟೇಬಲುಗಳು ಮನೆಬಾಗಿಲಲ್ಲಿ ಮಲಗಿದ್ದ ಸಾಕುನಾಯಿಗಳನ್ನೂ ಬಿಡುತ್ತಿಲ್ಲವೆಂಬ ದೂರು ಎದ್ದಿತು. ಪಾರಸಿಗಳ ಪವಿತ್ರ ದಿನದಂದೇ ಈ ಕೊಲೆ ಕಣ್ಣೆದುರು ನಡೆದಾಗ ಜನ ಕಾನ್‌ಸ್ಟೇಬಲುಗಳ ಮೇಲೆ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು. ಕೊಲಾಬಾದ ಸೈನ್ಯಕ್ಕೆ ಹೋಗಬೇಕಾದ ಆಹಾರ ಸಾಮಗ್ರಿಯೂ ದಾರಿಯಲ್ಲಿ ತಡೆಯಲ್ಪಟ್ಟಿತು. ಪಾರಸಿಗಳು ಮುಂದಾಳುಗಳಾಗಿದ್ದ ಆ ಹರತಾಳದಲ್ಲಿ ಹಿಂದೂಗಳೂ ಜೈನರೂ ಸೇರಿಕೊಂಡಿದ್ದರು. ಕೊನೆಗೆ ಸೈನ್ಯವೇ ಬಂದು ಗುಂಪನ್ನು ಚದುರಿಸಬೇಕಾಯಿತು.

ಆ ಪ್ರತಿಭಟನೆ ವ್ಯರ್ಥವಾಗಲಿಲ್ಲ. ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವ ಮಾತಿಗೆ ಸರಕಾರ ಒಪ್ಪಿತು. ಎರಡು ವರ್ಷಗಳ ಅನಂತರ, 1834ರಲ್ಲಿ, ಭುಲೇಶ್ವರದಲ್ಲಿ ಮುಂಬಯಿಯ ಪಾಂಜರಪೋಳ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಇಬ್ಬರ ಹೆಸರು ಮುಖ್ಯ: ಒಬ್ಬರು ಪಾರಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯಿ, ಇನ್ನೊಬ್ಬರು ಮೋತಿಶಾ ಎಂದು ಪ್ರಸಿದ್ಧರಾದ ಜೈನ ಶ್ರೇಷ್ಠಿ ಮೋತೀಚಂದ್ ಅಮೀಚಂದ್. ಭೈಖಲಾದ ಆದಿನಾಥ ಮಂದಿರವನ್ನು ಕಟ್ಟಿಸಿದವರೂ ಇದೇ ಮೋತಿಶಾ. ಸುಮಾರು ಎರಡು ಶತಮಾನಗಳಿಂದ ಜೈನ ಸಮಾಜವು ತನ್ನ ಜೀವದಯೆಯ ಸಾಕ್ಷಿಯಾಗಿ ಎತ್ತಿ ತೋರಿಸುತ್ತ ಬಂದಿರುವ ಸಂಸ್ಥೆಗಳಲ್ಲಿ ಪಾಂಜರಪೋಳಕ್ಕೆ ಅಗ್ರಸ್ಥಾನವಿದೆ. ಆ ಹೆಮ್ಮೆ ಸಹಜವಾದದ್ದು, ನ್ಯಾಯವಾದದ್ದೂ ಹೌದು.

ಆದರೆ ಅದೇ ಚರಿತ್ರೆಯಲ್ಲಿ ಇನ್ನೊಂದು ಮಾತೂ ಇದೆ. ಜೀಜೀಭಾಯಿ ಮತ್ತು ಮೋತಿಶಾ ಇಬ್ಬರೂ ಚೀನಾದೊಂದಿಗೆ ಅಫೀಮಿನ ವ್ಯಾಪಾರ ಮಾಡಿದವರು. ಮನುಷ್ಯರನ್ನು ಹಾಳುಮಾಡಿದ ಸರಕಿನ ಲಾಭದಲ್ಲಿ ಒಂದು ಪಾಲು ಮೂಕಪ್ರಾಣಿಗಳ ಮೇವಿಗೆ ಹೋಯಿತು. ಇದನ್ನು ಹೇಳುವುದು ಪೂರ್ವಿಕರನ್ನು ಹೀಗಳೆಯುವುದಕ್ಕಲ್ಲ. ಹಣ ಕೊಟ್ಟು ಮಾಡುವ ದಯೆ ಎಷ್ಟು ಸುಲಭವಾಗಿ ದಿನದ ಬದುಕಿನಿಂದ ಬೇರೆಯಾಗಿ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪಾಂಜರಪೋಳ ದೊಡ್ಡ ಸಂಸ್ಥೆ. ಆದರೆ ಅದು ಮನೆಯ ಹೊರಗಿನ ಸಂಸ್ಥೆ. ಅಲ್ಲಿಗೆ ರಸೀದಿ ಹರಿಸಿ ಹಿಂದಿರುಗಬಹುದು. ನಾಯಿ ಮಾತ್ರ ರಸೀದಿಯ ಜೊತೆ ಮನೆಗೆ ಬರುವುದಿಲ್ಲ.

ಇಂದು ಅದೇ ಫೋರ್ಟಿನಲ್ಲಿ ಪ್ರಶ್ನೆ ಮತ್ತೆ ಎದ್ದುನಿಂತಿದೆ. ಹಗಲಿನಲ್ಲಿ ಬ್ಯಾಂಕು, ನ್ಯಾಯಾಲಯ, ಷೇರುಪೇಟೆಗಳ ಜನಜಂಗುಳಿಯಿಂದ ಉಸಿರುಗಟ್ಟುವ ಈ ಪ್ರದೇಶ, ಸಂಜೆ ಕಳೆದ ಮೇಲೆ ಮತ್ತು ಭಾನುವಾರಗಳಲ್ಲಿ ಬರಿದಾಗುತ್ತದೆ. ಇಲ್ಲಿಯ ನಾಯಿಗಳ ಹೊಟ್ಟೆ ತುಂಬುವುದು ಕ್ಯಾಂಟೀನುಗಳ, ಚಹಾ ಗಾಡಿಗಳ, ರಾತ್ರಿಪಾಳಿಯ ವಾಚ್‌ಮನ್ನರ ಕೃಪೆಯಿಂದ. ಒಂದು ಕಾಲದಲ್ಲಿ ಇದೇ ಓಣಿಗಳಲ್ಲಿ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರಿದ್ದರು. ಪರಸ್ಥಳದಲ್ಲಿ ತಲೆಯ ಮೇಲೊಂದು ಸೂರು ಸಿಗುವುದೆಂದರೇನು ಎಂಬುದನ್ನು ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅಂಥದೊಂದು ಓಣಿಯಿಂದ ಯಾರೋ ಎತ್ತಿಕೊಂಡು ಬಂದ ಹತ್ತು ತಿಂಗಳ ಗಂಡು ನಾಯಿಯೊಂದನ್ನು ಕಲ್ಪಿಸಿಕೊಳ್ಳಬಹುದು. ತಾಯಿ ವಾಹನದಡಿಗೆ ಸಿಕ್ಕು ಸತ್ತಿದೆ. ಕಾಲಿನ ಗಾಯಕ್ಕೆ ಚಿಕಿತ್ಸೆಯಾಗಿದೆ, ಚುಚ್ಚುಮದ್ದು ಬಿದ್ದಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮುಗಿದಿದೆ. ಈಗ ಅದಕ್ಕೆ ಯಾವ ರೋಗವೂ ಇಲ್ಲ. ಇರುವುದು ತಡೆಯಲಾರದ ಉತ್ಸಾಹ ಮಾತ್ರ. ಬಾಗಿಲು ತೆರೆದರೆ ಓಟ, ಬಂದವರ ಎದೆಯವರೆಗೆ ನೆಗೆತ, ಸಿಕ್ಕ ಚಪ್ಪಲಿಯನ್ನೆಲ್ಲ ಕಚ್ಚುವ ಚಟ. ಇಂಥ ನಾಯಿಗೆ ಮನೆ ಹುಡುಕುವುದು ಗಾಯಗೊಂಡ ನಾಯಿಗೆ ಔಷಧ ಹುಡುಕುವುದಕ್ಕಿಂತ ಕಷ್ಟ. ಪುಟ್ಟ ಮರಿಯನ್ನು ಮುದ್ದೆಂದು ಕೇಳುವವರಿದ್ದಾರೆ. ಮುದಿನಾಯಿಗೂ ಮರುಗುವವರು ಅಲ್ಲಲ್ಲಿ ಸಿಗುತ್ತಾರೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಹರೆಯದ ನಾಯಿಯನ್ನು ಕೇಳುವವರು ವಿರಳ. ಕೇಳಿ ಒಯ್ದವರಲ್ಲಿಯೂ ಹಲವರು ಅದನ್ನು ಹಿಂದಿರುಗಿಸುವುದು ಈ ವಯಸ್ಸಿನಲ್ಲಿಯೇ.

ಜೈನ ಪರಂಪರೆ ನಾಯಿಯನ್ನು ಕಂಡ ಬಗೆಯನ್ನು ಇಲ್ಲಿ ನೆನೆಯುವುದು ಉಚಿತ. ಜೀವಂಧರನ ಕಥೆ ಕನ್ನಡ ಜೈನ ಮನೆಗಳಿಗೆ ಹೊಸದಲ್ಲ. ಭಾಸ್ಕರ ಕವಿ ಅದನ್ನು 1424ರಲ್ಲಿ ಷಟ್ಪದಿಯಲ್ಲಿ ಹಾಡಿದ್ದಾನೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನ ಕಷ್ಟಕಾಲಕ್ಕೆ ಒದಗುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ, ಹಿಟ್ಟಿನ ಕೋಳಿಯನ್ನು ಬಲಿಗೊಡಿಸಿದ ರಾಜಮಾತೆ ಚಂದ್ರಮತಿ ನಾಯಿಯಾಗಿ ಹುಟ್ಟಿ ತನ್ನ ಸ್ವಂತ ಮೊಮ್ಮಗನ ಅರಮನೆಗೆ ಬರುತ್ತಾಳೆ. ಅಲ್ಲಿ ಅವಳನ್ನು ಯಾರೂ ಗುರುತಿಸುವುದಿಲ್ಲ. ಮದ್ದೂರು ಸಮೀಪದ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದಿದೆ. ಜಿನಭಕ್ತರಾದ ಗಂಗರ ಅರಸು ಇಮ್ಮಡಿ ಬೂತುಗನು ಮಣಲೇರನೆಂಬ ವೀರನಿಗೆ ಕೊಟ್ಟ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತೆಂದೂ ಅದರ ನೆನಪಿಗೆ ಕಲ್ಲು ನಿಲ್ಲಿಸಲಾಯಿತೆಂದೂ ಅದು ಸಾರುತ್ತದೆ.

ಸಾಯುತ್ತಿರುವ ನಾಯಿಗೆ ಮಂತ್ರ, ಸತ್ತ ನಾಯಿಗೆ ಕಲ್ಲು. ಬದುಕಿರುವ, ಅದರಲ್ಲಿಯೂ ಕುಣಿದು ಕುಪ್ಪಳಿಸುವ ನಾಯಿಗೆ ಏನು? ಜೈನ ಸುಧಾರಣೆಯ ಮಾತಾಡುವವರು ಇಂದು ಉತ್ತರಿಸಬೇಕಾದ ಪ್ರಶ್ನೆ ಇದು.

ಇದಕ್ಕೆ ಸಂಪ್ರದಾಯಸ್ಥರಲ್ಲಿ ಸಿದ್ಧ ಉತ್ತರವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬಾಹ್ಯ ಪರಿಗ್ರಹಗಳ ಎಣಿಕೆಯಲ್ಲಿ ದ್ವಿಪದದ ಜೊತೆ ಚತುಷ್ಪದವೂ ಬರುತ್ತದೆ. ಶ್ರಾವಕನು ಅದಕ್ಕೊಂದು ಮಿತಿ ಹಾಕಿಕೊಳ್ಳಬೇಕು. ಶ್ರಾವಕಾಚಾರ ಗ್ರಂಥಗಳು ವರ್ಜ್ಯವೆಂದು ಎಣಿಸುವ ಹದಿನೈದು ಕರ್ಮಗಳಲ್ಲಿ ಹಿಂಸ್ರ ಪ್ರಾಣಿಗಳ ಪೋಷಣೆಯೂ ಸೇರಿದೆ. ಆದುದರಿಂದ ಮಾಂಸಾಹಾರಿ ಪ್ರಾಣಿಯಾದ ನಾಯಿಯನ್ನು ಮನೆಯೊಳಗೆ ಸಾಕುವುದು ಶ್ರಾವಕನಿಗೆ ತಕ್ಕದ್ದಲ್ಲ ಎಂಬುದು ಆ ವಾದ.

ಆದರೆ ಆ ಹದಿನೈದೂ ಜೀವನೋಪಾಯದ ಕರ್ಮಗಳು, ಅಂದರೆ ಲಾಭಕ್ಕಾಗಿ ಮಾಡುವ ವೃತ್ತಿಗಳು. ಪ್ರಾಣಿಯನ್ನು ಸಾಕಿ, ಮರಿ ಹಾಕಿಸಿ, ಮಾರುವ ವ್ಯಾಪಾರಕ್ಕೆ ಆ ನಿಷೇಧ ನೇರವಾಗಿ ತಗಲುತ್ತದೆ. ಸಂತಾನವಿಲ್ಲದ, ಬೇಟೆಗೆ ಬಳಸದ, ಮಾರಾಟಕ್ಕಿಲ್ಲದ ಒಂದು ಅನಾಥ ಜೀವಕ್ಕೆ ಆಸರೆ ಕೊಡುವುದನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವಿಪರ್ಯಾಸವೆಂದರೆ, ಬೀದಿಯ ನಾಯಿ ಮನೆಗೆ ಬೇಡವೆನ್ನುವ ಎಷ್ಟೋ ಕುಟುಂಬಗಳು ಮಕ್ಕಳ ಹಟಕ್ಕೆ ಸೋತು ಅಂಗಡಿಯಿಂದ ಪೊಮರೇನಿಯನ್ನನ್ನೋ ಲ್ಯಾಬ್ರಡಾರನ್ನೋ ಕೊಂಡು ತರುತ್ತವೆ. ಹೆಣ್ಣು ನಾಯಿಯನ್ನು ಬೋನಿನಲ್ಲಿಟ್ಟು ಮತ್ತೆ ಮತ್ತೆ ಮರಿ ಹಾಕಿಸುವ ವ್ಯಾಪಾರಕ್ಕೆ ಆ ದುಡ್ಡು ಸೇರುತ್ತದೆ. ಶಾಸ್ತ್ರವನ್ನು ನಿಜವಾಗಿ ನಂಬುವವರು ಮೊದಲು ನಿಲ್ಲಿಸಬೇಕಾದದ್ದು ಆ ಖರೀದಿಯನ್ನು.

ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ಇವು ಕಾಡಿನ ಮೃಗವನ್ನು ಕುರಿತ ಮಾತುಗಳಲ್ಲ. ತನ್ನ ಅಧೀನದಲ್ಲಿರುವ ಜೀವಿಯ ವಿಷಯದಲ್ಲಿ ಗೃಹಸ್ಥನು ತಪ್ಪಬಹುದಾದ ಬಗೆಗಳಿವು. ಎಂದರೆ ಶ್ರಾವಕನ ಮನೆಯಲ್ಲಿ ಪ್ರಾಣಿ ಇರುತ್ತದೆಂಬುದನ್ನು ಸೂತ್ರವು ಸಹಜವೆಂದೇ ತಿಳಿದು ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಎಚ್ಚರಿಸುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಹನ್ನೊಂದನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಹೊಡೆಯುವುದು, ಭಾರ ಹೇರುವುದು, ಅಂಗಚ್ಛೇದ, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸಾಕಷ್ಟು ಅನ್ನನೀರು ಕೊಡದಿರುವುದು ಎಲ್ಲವೂ ಅಲ್ಲಿ ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಆ ಕಾಯಿದೆ ಬೇರೆಯಾಗಿ ಹೆಸರಿಸುತ್ತದೆ.

ಹರೆಯದ ನಾಯಿಗೆ ಮನೆ ಹುಡುಕುವವರು ಈ ಐದರಲ್ಲಿ ಮೊದಲನೆಯದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಉತ್ಸಾಹವೇ ಸ್ವಭಾವವಾದ ಪ್ರಾಣಿಯನ್ನು ಬಾಲ್ಕನಿಯ ಸರಳಿಗೆ ಕಟ್ಟಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವ ಮನೆ ಎಷ್ಟೇ ಶ್ರೀಮಂತವಾಗಿದ್ದರೂ ಅದಕ್ಕೆ ಮನೆಯಲ್ಲ. ಕಟ್ಟಿದಷ್ಟೂ ಅದು ಬೊಗಳುತ್ತದೆ, ಬೊಗಳಿದಷ್ಟೂ ನೆರೆಯವರು ದೂರುತ್ತಾರೆ, ದೂರು ಬಂದಾಗ ಪೆಟ್ಟು ಬೀಳುತ್ತದೆ. ಬಂಧದಿಂದ ವಧಕ್ಕೆ ದಾರಿ ಹೀಗೆ ತೆರೆಯುತ್ತದೆ. ಆಮೇಲೆ ಒಂದು ದಿನ ನಾಯಿ ಮತ್ತೆ ಬೀದಿಗೆ ಬರುತ್ತದೆ, ಈ ಬಾರಿ ಬೀದಿಯ ಬದುಕನ್ನು ಮರೆತು.

ಆದುದರಿಂದ ಮನೆ ಕೊಡುವವರು ಎಣಿಸಬೇಕಾದದ್ದು ರೂಪಾಯಿಗಳನ್ನಲ್ಲ, ಗಂಟೆಗಳನ್ನು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದನ್ನು ಹೊರಗೆ ಕರೆದೊಯ್ದು ದಣಿಯುವಂತೆ ನಡೆಸುವವರು ಯಾರು? ಹಗಲಿನಲ್ಲಿ ಮನೆಯಲ್ಲಿ ಇರುವವರು ಯಾರು? ವರ್ಗಾವಣೆಯಾದರೆ, ಮದುವೆಗೆ ಊರಿಗೆ ಹೋದರೆ, ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೊರಟರೆ ಅದನ್ನು ಯಾರ ಬಳಿ ಬಿಡುವುದು? ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ ನೆಗೆಯುವ ನಾಯಿಯಿಂದ ಅವರು ಬೀಳುವ ಅಪಾಯವನ್ನೂ ಎಣಿಸಬೇಕು. ಹದಿನೈದು ವರ್ಷ ಬದುಕಬಲ್ಲ ಪ್ರಾಣಿಯನ್ನು ಮಗನ ಹತ್ತನೆಯ ಹುಟ್ಟುಹಬ್ಬಕ್ಕೆ ತಂದರೆ, ಆತನ ಇಪ್ಪತ್ತೈದನೆಯ ವರ್ಷದವರೆಗಿನ ಹೊಣೆ ಅದು. ಈ ಪ್ರಶ್ನೆಗಳಿಗೆ ನೇರವಾದ ಉತ್ತರವಿಲ್ಲದ ಮನೆ 'ಆಗದು' ಎನ್ನುವುದು ಪಾಪವಲ್ಲ, ಅದು ಪ್ರಾಮಾಣಿಕತೆ. ತೋರಿಕೆಗೆ 'ಆಗಲಿ' ಎಂದು ನಾಲ್ಕು ತಿಂಗಳಲ್ಲಿ ಹಿಂದಿರುಗಿಸುವುದು ಮಾತ್ರ ಕ್ರೌರ್ಯ.

ನಾಯಿಯನ್ನು ಕೊಡುವವರಿಗೂ ಇದೇ ಪ್ರಾಮಾಣಿಕತೆ ಅಗತ್ಯ. ಹೇಗಾದರೂ ಸಾಗಹಾಕುವ ಆತುರದಲ್ಲಿ ಅದು ಬಹಳ ಸಾಧು ಎಂದು ಹೇಳಿ ದಾಟಿಸಿದರೆ ಹೊಸ ಮನೆಯ ನಂಬಿಕೆ ಮೊದಲ ವಾರದಲ್ಲೇ ಒಡೆಯುತ್ತದೆ. ನೆಗೆಯುತ್ತದೆ, ಕಚ್ಚಾಡುತ್ತ ಆಡುತ್ತದೆ, ಒಂಟಿಯಾಗಿ ಬಿಟ್ಟರೆ ಗೋಳಿಡುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ ಮೇಲೂ ಒಪ್ಪುವ ಮನೆಯೇ ಅದಕ್ಕೆ ತಕ್ಕ ಮನೆ. ಸತ್ಯವೂ ಒಂದು ಅಣುವ್ರತವೇ.

ಪರಸ್ಥಳದ ಕನ್ನಡ ಕುಟುಂಬಗಳಲ್ಲಿ ಇಂಥ ಸಂದರ್ಭದಲ್ಲಿ ತಪ್ಪದೆ ಕೇಳಿಬರುವ ಸಲಹೆಯೊಂದಿದೆ: ಊರಿನ ತೋಟಕ್ಕೆ ಕಳಿಸಿಬಿಡಿ, ಅಲ್ಲಿ ಬೇಕಾದಷ್ಟು ಜಾಗವಿದೆ. ಕಾರ್ಕಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಅಡಕೆ ತೋಟದ ಮನೆಗಳನ್ನು ಬಲ್ಲವರಿಗೆ ಅಲ್ಲಿಯ ನಾಯಿಯ ದಿನಚರಿಯೂ ಗೊತ್ತು. ಎಷ್ಟೋ ಮನೆಗಳಲ್ಲಿ ಅದು ಹಗಲಿಡೀ ಗೂಡಿನಲ್ಲಿ ಅಥವಾ ಸರಪಳಿಯಲ್ಲಿ ಇರುತ್ತದೆ. ರಾತ್ರಿ ಮಾತ್ರ ಬಿಡುಗಡೆ. ಕಾಡಿನ ಅಂಚಿನ ಊರುಗಳಲ್ಲಿ ಆ ಬಿಡುಗಡೆ ಹಲವು ಸಲ ಚಿರತೆಯ ಬಾಯಿಗೆ. ಮುಂಬಯಿಯ ಬೀದಿಯಲ್ಲಿ ಬೆಳೆದ ನಾಯಿಗೆ ಅಲ್ಲಿಯ ಕಾಡೂ ಗೊತ್ತಿಲ್ಲ, ಹಾವೂ ಗೊತ್ತಿಲ್ಲ. ಪ್ರೀತಿಯಿಂದ ಸಾಕುವ ತೋಟದ ಮನೆಗಳು ಖಂಡಿತ ಇವೆ. ಅಂಥ ಮನೆ ಸಿಕ್ಕರೆ ಭಾಗ್ಯ. ಆದರೆ ನೋಡದ ತೋಟಕ್ಕೆ ಕಳಿಸುವುದು 1832ರ 'ಊರ ಹೊರಗೆ ಸಾಗಿಸಿ' ಎಂಬ ಪರಿಹಾರದ ಮುಂದುವರಿಕೆ ಮಾತ್ರ.

ಆಹಾರದ ಪ್ರಶ್ನೆಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಜೈನ ಅಡುಗೆಮನೆಗೆ ಮಾಂಸ ಬರುವುದಿಲ್ಲ. ಬರಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಈ ಕಾರಣಕ್ಕಾಗಿಯೇ ನಾಯಿ ಕೊಡುವವರು ಜೈನ ಮನೆಯೆಂದರೆ ಹಿಂಜರಿಯುವುದೂ ಉಂಟು. ಬೆಕ್ಕಿನ ದೇಹಕ್ಕೆ ಮಾಂಸ ಅನಿವಾರ್ಯ. ನಾಯಿಯ ಮಾತು ಬೇರೆ. ಸಾವಿರಾರು ವರ್ಷ ಮನುಷ್ಯನ ಎಂಜಲಿನೊಡನೆ ಬದುಕಿದ ನಾಯಿ ಧಾನ್ಯದ ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ತೋಳನಿಗಿಂತ ಬಹಳ ಹೆಚ್ಚಾಗಿ ಪಡೆದಿದೆ. ಆದರೆ ಮೊಸರನ್ನವೊಂದೇ ಆಹಾರವಾದರೆ ಬೆಳೆಯುವ ನಾಯಿ ಸೊರಗುತ್ತದೆ. ಸಸ್ಯಾಹಾರದಲ್ಲಿಯೇ ಸಾಕುವುದಾದರೆ ಅದು ಪಶುವೈದ್ಯರನ್ನು ಕೇಳಿ, ಪ್ರೋಟೀನು ಮೊದಲಾದವು ಸಮವಾಗಿರುವಂತೆ ರೂಪಿಸಿದ ಆಹಾರವಾಗಿರಬೇಕು. ಆಗಾಗ ತಪಾಸಣೆ ನಡೆಯಬೇಕು. ಅಷ್ಟು ಶ್ರಮ ಸಾಧ್ಯವಿಲ್ಲದಿದ್ದರೆ ಆ ಮನೆ ನಾಯಿಯನ್ನು ಒಪ್ಪಿಕೊಳ್ಳದಿರುವುದೇ ಲೇಸು. ಯಾಕೆಂದರೆ ಅರೆಹೊಟ್ಟೆಯ ಅನ್ನವೂ ಅನ್ನನಿರೋಧವೇ.

ಜೈನ ಅಡುಗೆಮನೆಗೆ ಒಂದು ಅನುಕೂಲವೂ ಇದೆ. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ; ಸಾಮಾನ್ಯ ಮನೆಯ ಉಳಿದ ಸಾರು ಪಲ್ಯಗಳು ಅದಕ್ಕೆ ಅಪಾಯಕರವಾಗುವುದು ಬಹುಮಟ್ಟಿಗೆ ಇವುಗಳಿಂದ. ಕಂದಮೂಲ ವರ್ಜಿಸುವ ಮನೆಯಲ್ಲಿ ಆ ಭಯ ತಾನಾಗಿ ಇಲ್ಲ. ಆದರೆ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ. ಪ್ರೀತಿಯಿಂದ ಹಾಕಿದ ಒಣದ್ರಾಕ್ಷಿಯ ಪಾಯಸ ಅದರ ಮೂತ್ರಪಿಂಡವನ್ನೇ ಕೆಡಿಸಬಹುದು ಎಂಬುದನ್ನು ಮಕ್ಕಳಿಗೂ ಅಜ್ಜಿಯರಿಗೂ ತಿಳಿಸಿ ಹೇಳಬೇಕು.

ಸಂತಾನಹರಣದ ವಿಷಯದಲ್ಲಿ ಸಮಾಜದೊಳಗೆ ಇನ್ನೂ ಅಳುಕಿದೆ. ಅಂಗವನ್ನು ಕತ್ತರಿಸುವ ಛೇದವೆಂಬ ಅತಿಚಾರ ಇದಲ್ಲವೇ ಎಂದು ಕೇಳುವವರು ಪ್ರಾಮಾಣಿಕರಾಗಿಯೇ ಕೇಳುತ್ತಾರೆ. ಚೆಲುವಿಗಾಗಿ ನಾಯಿಯ ಕಿವಿ, ಬಾಲಗಳನ್ನು ಕತ್ತರಿಸುವುದು ನಿಸ್ಸಂದೇಹವಾಗಿ ಛೇದವೇ. ಸಂತಾನಹರಣವನ್ನು ತೂಗುವಾಗ ಮಾತ್ರ ಪಕ್ಕದಲ್ಲಿ ಇನ್ನೊಂದು ದೃಶ್ಯವನ್ನೂ ಇಡಬೇಕು: ಮಳೆಗಾಲದ ಫೋರ್ಟಿನ ಚರಂಡಿಯ ಪಕ್ಕದಲ್ಲಿ ಹುಟ್ಟಿ, ಕಣ್ಣು ಬಿಡುವ ಮೊದಲೇ ಸಾಯುವ ಮರಿಗಳು. ಅರಿವಳಿಕೆ ಕೊಟ್ಟು ಒಂದು ಸಲ ಮಾಡುವ ಚಿಕಿತ್ಸೆ ಎಷ್ಟೋ ಸಾವುಗಳನ್ನು ತಡೆಯುತ್ತದೆ. ಮುಂಬಯಿ ಮಹಾನಗರಪಾಲಿಕೆ ನಾಯಿಗಳನ್ನು ಕೊಲ್ಲುವುದನ್ನು ಬಿಟ್ಟು ಸಂತಾನಹರಣದ ದಾರಿಗೆ ಬಂದದ್ದು 1990ರ ದಶಕದಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು 2001ರಲ್ಲಿ ಬಂದವು, 2023ರಲ್ಲಿ ಹೊಸದಾದವು. ಕೊಲ್ಲಬೇಡಿ, ಸಂತಾನಹರಣವೂ ಬೇಡ, ಮನೆಗೂ ಬೇಡ ಎನ್ನುವವರು ತಮಗರಿವಿಲ್ಲದೆ ಒಪ್ಪಿಕೊಳ್ಳುತ್ತಿರುವುದು ಆ ಚರಂಡಿಯ ಸಾವನ್ನು.

ಮನುಷ್ಯರ ಭಯವನ್ನು ಅಲ್ಲಗಳೆಯುವ ದಯೆಯೂ ದಯೆಯಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಭಾರತದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಯುವವರಲ್ಲಿ ಮಕ್ಕಳು, ಬಡವರು ಹೆಚ್ಚು. ಈ ಹಿನ್ನೆಲೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸುವಂತೆ ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬೀಸ್ ತಗಲಿದ ಅಥವಾ ಆಕ್ರಮಣಕಾರಿಯಾದವನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಗಳ ಅನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದೆಂದಿತು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಸೇಂಟ್ ಜಾರ್ಜ್ ಆಸ್ಪತ್ರೆ, ಹಲವು ಹಳೆಯ ಶಾಲೆಗಳು ಒತ್ತೊತ್ತಾಗಿರುವ ಫೋರ್ಟಿನಂಥ ಪ್ರದೇಶಕ್ಕೆ ಈ ಆದೇಶದ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಆಗಸ್ಟ್ 22ರ ಆದೇಶದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಮಾತಿದೆ. ಪ್ರಾಣಿಪ್ರಿಯರು ಬೀದಿನಾಯಿಗಳನ್ನು ದತ್ತು ಪಡೆಯಲು ನಗರಸಭೆಗೆ ಅರ್ಜಿ ಹಾಕಬಹುದು. ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ. ಸಾಗಿಸುವುದು ಒಂದು ಪಕ್ಷ, ಬಿಟ್ಟುಬಿಡುವುದು ಇನ್ನೊಂದು ಪಕ್ಷವೆಂದು ದೇಶವೇ ವಾದಿಸುತ್ತಿರುವಾಗ ಈ ಮೂರನೆಯ ದಾರಿ ಬಾಗಿಲು ತೆರೆದುಕೊಂಡು ನಿಂತಿದೆ. ಕೋಟ್ಯಂತರ ನಾಯಿಗಳ ಸಮಸ್ಯೆಯನ್ನು ಇದೊಂದೇ ಬಗೆಹರಿಸದು. ಆದರೆ ಅಹಿಂಸೆಯ ಹೆಸರೆತ್ತುವ ಸಮಾಜಕ್ಕೆ ಇದು ಬೇರೆಯವರಿಗಿಂತ ಮೊದಲು ಕಾಣಬೇಕಾದ ದಾರಿ.

ಅದೇ ತಿಂಗಳಲ್ಲಿ ಮುಂಬಯಿಯ ಜೈನರ ಹೆಸರು ಸುದ್ದಿಯಾದದ್ದು ಬೇರೆ ಕಾರಣಕ್ಕೆ. ಆರೋಗ್ಯದ ನೆಪದಲ್ಲಿ ಮಹಾನಗರಪಾಲಿಕೆ ಮುಚ್ಚಿದ ದಾದರಿನ ಕಬೂತರ್‌ಖಾನೆಯ ಟಾರ್ಪಾಲಿನ್ ಹೊದಿಕೆಯನ್ನು ಆಗಸ್ಟ್ 6ರಂದು ಪ್ರತಿಭಟನಕಾರರು ಕಿತ್ತುಹಾಕಿದರು. ಅವರಲ್ಲಿ ಜೈನರು ಬಹುಸಂಖ್ಯೆಯಲ್ಲಿದ್ದರು. ಪಾರಿವಾಳಗಳ ಪ್ರಶ್ನೆಯಲ್ಲಿ ಎರಡೂ ಕಡೆಯ ವಾದಗಳನ್ನು ನ್ಯಾಯಾಲಯ ತೂಗಲಿ. ಸುಧಾರಣೆಯ ದೃಷ್ಟಿಯಿಂದ ಕೇಳಬೇಕಾದದ್ದು ಇಷ್ಟು: ಒಂದು ಹಿಡಿ ಕಾಳು ಎರಚಿ ಮುಂದೆ ಸಾಗುವ ಹಕ್ಕಿಗಾಗಿ ಇಷ್ಟು ಜನ ಬೀದಿಗಿಳಿಯಬಲ್ಲರಾದರೆ, ಒಂದು ಪ್ರಾಣಿಯನ್ನು ಹದಿನೈದು ವರ್ಷ ಸಾಕುವ ಕರ್ತವ್ಯಕ್ಕಾಗಿ ಎಷ್ಟು ಜನ ಬಾಗಿಲು ತೆರೆಯುತ್ತಾರೆ?

ಆ ಬಾಗಿಲನ್ನು ಹಲವೆಡೆ ಹೌಸಿಂಗ್ ಸೊಸೈಟಿಗಳೇ ಮುಚ್ಚಿವೆ. ಸಾಕುಪ್ರಾಣಿ ಕೂಡದು, ನಾಯಿಗೆ ಲಿಫ್ಟ್ ಇಲ್ಲ ಎಂಬ ಫಲಕಗಳು ಮುಂಬಯಿಯ ಕಟ್ಟಡಗಳಲ್ಲಿ ಅಪರೂಪವಲ್ಲ. ಮಾಂಸಾಹಾರಿಗೆ ಮನೆ ಕೊಡದ ಸೊಸೈಟಿಗಳೂ ಅಪರೂಪವಲ್ಲ. ಬಹುಮತದಿಂದ ನಿರ್ಣಯ ಮಾಡಿದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಸ್ಪಷ್ಟಪಡಿಸಿದೆ. ಅಹಿಂಸೆಯ ಹೆಸರಿನಲ್ಲಿ ನೆರೆಯವನ ಅಡುಗೆಮನೆಯನ್ನು ಇಣುಕಿ ನೋಡುವ ಸಮಿತಿಗಳು ನಾಯಿಯನ್ನು ಗೇಟಿನಿಂದಲೇ ಅಟ್ಟುವುದಾದರೆ ಅಲ್ಲಿ ಕಾಯಲ್ಪಡುತ್ತಿರುವುದು ಅಹಿಂಸೆಯಲ್ಲ, ಮಡಿ ಮಾತ್ರ. ಇಂಥ ಸಮಿತಿಗಳಲ್ಲಿ ಕುಳಿತ ಜೈನ ಸದಸ್ಯರು ಮೊದಲು ಬದಲಾಯಿಸಬಹುದಾದದ್ದು ತಮ್ಮ ಕಟ್ಟಡದ ಆ ಫಲಕವನ್ನು.

ಉಳಿದ ಕೆಲಸವೂ ಅಸಾಧ್ಯವಾದದ್ದೇನಲ್ಲ. ದಶಲಕ್ಷಣ ಪರ್ವದಲ್ಲಿ ಊರೂರ ಸಂಘಗಳು ಜೀವದಯೆಯ ಹುಂಡಿಯಿಟ್ಟು ಹಣ ಕೂಡಿಸುತ್ತವೆ. ಅದರ ಪಕ್ಕದಲ್ಲಿಯೇ ಒಂದು ನೋಟುಪುಸ್ತಕವನ್ನೂ ಇಡಬಹುದು. ಕಾಯಂ ಮನೆ ಕೊಡಬಲ್ಲವರು, ಕಾಯಂ ಮನೆ ಸಿಗುವವರೆಗೆ ಎರಡು ವಾರವೋ ಎರಡು ತಿಂಗಳೋ ಇಟ್ಟುಕೊಳ್ಳಬಲ್ಲವರು, ಬೆಳಿಗ್ಗೆ ಅರ್ಧ ಗಂಟೆ ನಡೆಸಲು ಬರಬಲ್ಲ ಯುವಕರು, ಪ್ರವಾಸ ಹೋದವರ ನಾಯಿಯನ್ನು ನಾಲ್ಕು ದಿನ ನೋಡಿಕೊಳ್ಳಬಲ್ಲ ನಿವೃತ್ತರು ಅದರಲ್ಲಿ ಹೆಸರು ಬರೆಯಲಿ. ಒಂಟಿ ಕುಟುಂಬಕ್ಕೆ ಹೊರೆಯಾಗುವ ಹರೆಯದ ನಾಯಿ ಹತ್ತು ಕುಟುಂಬಗಳು ಹಂಚಿಕೊಂಡರೆ ಹೊರೆಯಲ್ಲ. ಮುಂಬಯಿಯಲ್ಲಿ ಪರೇಲಿನ ಬಾಯಿ ಸಾಕರಬಾಯಿ ಪೆಟಿಟ್ ಪ್ರಾಣಿ ಆಸ್ಪತ್ರೆಯಿಂದ ಹಿಡಿದು ಬೀದಿನಾಯಿಗಳಿಗಾಗಿಯೇ ದುಡಿಯುವ ಸಂಸ್ಥೆಗಳವರೆಗೆ ಚಿಕಿತ್ಸೆಗೆ ದಾರಿಗಳಿವೆ. ಕೊರತೆಯಿರುವುದು ಚಿಕಿತ್ಸೆಯ ಅನಂತರದ ಬದುಕಿಗೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಕಾಳು ಹಾಕುವವರು ಆಹಾರದಾನ ಮಾಡುತ್ತಿದ್ದಾರೆ. ಪಾಂಜರಪೋಳಕ್ಕೂ ಆಸ್ಪತ್ರೆಗೂ ಹಣ ಕೊಡುವವರು ಔಷಧದಾನ ಮಾಡುತ್ತಿದ್ದಾರೆ. ಇವೆರಡನ್ನೂ ದೂರದಿಂದ ಮಾಡಬಹುದು. ಅಭಯದಾನವನ್ನು ದೂರದಿಂದ ಮಾಡಲಾಗದು. ವಾಹನದ ಭಯ, ಕಲ್ಲಿನ ಭಯ, ಹಿಡಿದೊಯ್ಯುವವರ ಭಯ ಇವುಗಳಿಂದ ಒಂದು ಜೀವವನ್ನು ಬಿಡಿಸಬೇಕಾದರೆ ಅದು ಮಲಗಲು ಮನೆಯೊಳಗೆ ಒಂದು ಜಾಗವನ್ನೂ ದಿನದಲ್ಲಿ ಒಂದು ಹೊತ್ತನ್ನೂ ಕೊಡಬೇಕು. 1832ರಲ್ಲಿ ಫೋರ್ಟಿನ ಜನ ಅಂಗಡಿ ಮುಚ್ಚಿ ನಾಯಿಗಳ ಪ್ರಾಣ ಉಳಿಸಿದರು. ಈಗ ಅವರ ಉತ್ತರಾಧಿಕಾರಿಗಳಿಂದ ಸಮಯ ಬೇಡುತ್ತಿರುವುದು ಅದಕ್ಕಿಂತ ಚಿಕ್ಕ, ಅದಕ್ಕಿಂತ ದೀರ್ಘವಾದ ಕೆಲಸ: ಮುಚ್ಚಿದ ಬಾಗಿಲನ್ನು ತೆರೆಯುವುದು, ತೆರೆದ ಮೇಲೆ ಹದಿನೈದು ವರ್ಷ ಅದನ್ನು ಮುಚ್ಚದಿರುವುದು.